ಹಳೇ ರೇಡಿಯೊ, ಆಂಪ್ಲಿಫೈಯರ್ ಕೇಳದಿರುವಾಗ ಆಫ್ ಮಾಡಬೇಕೋ, ಆನ್ ಬಿಡಬೇಕೋ?

ತೀರ್ಥಹಳ್ಳಿ_ಮನೆ:

ಎಲ್ಲರಿಗೂ ನಮಸ್ಕಾರ.

ಅಪ್ಪ ಹೋದ ಮೇಲೆ ಅವರ ಹಾಡಿನ ಸಾಮಾನೆಲ್ಲ ನಾನೇ ನೋಡಿಕೊಳ್ಳುತ್ತಿದ್ದೇನೆ. ಅಜ್ಜ ಕೊಂಡಿದ್ದ ಫಿಲಿಪ್ಸ್ ವಾಲ್ವ್ ರೇಡಿಯೊ ಇದೆ, ಮರದ ಪೆಟ್ಟಿಗೆಯದ್ದು, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳು ಉರಿಯುವಂಥದ್ದು. ಅಪ್ಪ 80ರ ದಶಕದಲ್ಲಿ ತಂದ ಸೋನೋಡೈನ್ ಆಂಪ್ಲಿಫೈಯರ್ ಇದೆ. ಚಿಕ್ಕಪ್ಪ ಕುವೈತ್‌ನಿಂದ ತಂದುಕೊಟ್ಟ ಅಕಾಯ್ ಕ್ಯಾಸೆಟ್ ಡೆಕ್ ಇದೆ. ಮೂರೂ ಈಗಲೂ ಹಾಡುತ್ತವೆ. ಹಾಗೇ ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ.

ಮನೆಯಲ್ಲಿ ಎರಡು ಮಾತು ನಡೆಯುತ್ತಿದೆ. ಅಮ್ಮ "ಕೇಳಿ ಮುಗಿದ ತಕ್ಷಣ ಗೋಡೆ ಸ್ವಿಚ್ ಆರಿಸು" ಅನ್ನುತ್ತಾರೆ. ಅಪ್ಪನೂ ಹಾಗೇ ಮಾಡುತ್ತಿದ್ದರು. ಭಾವ ಬೆಂಗಳೂರಿನಲ್ಲಿ ಇಂಜಿನಿಯರ್. ಅವರು "ಹಳೇ ಸಾಮಾನು ಕೆಡುವುದು ಆನ್ ಮಾಡುವ ಕ್ಷಣದಲ್ಲೇ, ಯಾವಾಗಲೂ ಆನ್ ಇದ್ದರೆ ಆಯುಸ್ಸು ಜಾಸ್ತಿ, ದನಿಯೂ ಚೆನ್ನಾಗಿರುತ್ತದೆ" ಅನ್ನುತ್ತಾರೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ತೋಟದ ಪಂಪ್‌ಗಳೆಲ್ಲ ಶುರುವಾದರೆ ವೋಲ್ಟೇಜ್ ಇಳಿದುಬಿಡುತ್ತದೆ. ಸಿಡಿಲಂತೂ ಹೇಳುವುದೇ ಬೇಡ.

ಇನ್ನೊಂದು ವಿಷಯ. ರೇಡಿಯೊ ಹಿಂದೆ ಗ್ರಾಮಫೋನಿನ ಚಿತ್ರ ಇರುವ ಎರಡು ತೂತಿನ ಸಾಕೆಟ್ ಇದೆ. ಅದಕ್ಕೆ ಒಂದು ವೈರ್ ಮಾಡಿಸಿ ಫೋನ್ ಸೇರಿಸಿ ಸಂಜೆ ಹೊತ್ತು ಅಮ್ಮನಿಗೆ ದೇವರನಾಮ ಹಾಕಬೇಕು ಅಂದುಕೊಂಡಿದ್ದೇನೆ. ಹಾಗೆ ಮಾಡಬಹುದಾ?

ಧಾರವಾಡ_ಕೇಳುಗ:

ನಿಮ್ಮ ಭಾವನ ಮಾತಿನಲ್ಲಿ ಹುರುಳಿದೆ ನೋಡ್ರಿ. ತಣ್ಣಗಿರುವ ವಾಲ್ವಿನ ಒಳಗಿನ ತಂತಿಗೆ ರೆಸಿಸ್ಟೆನ್ಸ್ ಬಹಳ ಕಡಿಮೆ. ಆನ್ ಮಾಡಿದ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಹರಿಯುತ್ತದೆ. ಬಲ್ಬ್ ಸುಡುವುದು ಸ್ವಿಚ್ ಹಾಕಿದಾಗಲೇ ಅಲ್ವಾ?

ಇದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಟಾಮಿ ಫ್ಲವರ್ಸ್ ಜರ್ಮನ್ ಸಂಕೇತ ಒಡೆಯಲು ಕೊಲೋಸಸ್ ಯಂತ್ರ ಕಟ್ಟಿದರು. ಸುಮಾರು 1,600 ವಾಲ್ವ್. ಅಷ್ಟೊಂದು ವಾಲ್ವ್ ಇದ್ದರೆ ಯಂತ್ರ ಬಾಳಿಕೆ ಬರುವುದೇ ಇಲ್ಲ ಅಂತ ಅನುಮಾನಪಟ್ಟವರಿದ್ದರು. ಫ್ಲವರ್ಸ್ ಅಂಚೆ ಇಲಾಖೆಯ ಟೆಲಿಫೋನ್ ಕೆಲಸದವರು. ವಾಲ್ವನ್ನು ಆರಿಸದೆ ಹಾಗೇ ಉರಿಸಿದರೆ ಅಪರೂಪಕ್ಕೆ ಕೆಡುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. 1944ರಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೊಲೋಸಸ್ ಕೆಲಸ ಶುರು ಮಾಡಿತು, ಅದನ್ನು ಆರಿಸುತ್ತಲೇ ಇರಲಿಲ್ಲ.

ನನ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸದಾ ಆನ್. ಬೆಳಗ್ಗೆ ಎದ್ದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರೆ ಮೊದಲ ಸ್ವರದಿಂದಲೇ ದನಿ ತುಂಬಿಕೊಂಡು ಬರುತ್ತದೆ. ತಣ್ಣಗಿನ ಸೆಟ್‌ನಲ್ಲಿ ಅರ್ಧ ತಾಸು ಕಾಯಬೇಕು.

ಕುಂದಾಪುರ_ಕಡಲತಡಿ:

ನಮ್ಮದು ಸಮುದ್ರದ ಹತ್ತಿರ. ಇಲ್ಲಿ ಸೆಟ್ ಕೆಡಿಸುವುದು ಆನ್ ಅಲ್ಲ, ಆಫೂ ಅಲ್ಲ, ತೇವ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಟ್ಟದೆ ಇಟ್ಟರೆ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು, ಸ್ವಿಚ್‌ಗಳಿಗೆ ಹಸಿರು ಕಿಲುಬು, ಸ್ಪೀಕರಿನ ಕಾಗದಕ್ಕೆ ಬೂಸ್ಟು. ಮಳೆಗಾಲದಲ್ಲಿ ದಿನ ಬಿಟ್ಟು ದಿನ ಒಂದು ಗಂಟೆಯಾದರೂ ಹಾಡಿಸಿ. ಒಳಗಿನ ಬಿಸಿಗೆ ಪೆಟ್ಟಿಗೆ ಒಣಗುತ್ತದೆ. ಹಾಡಿಸಿ ಆದ ಮೇಲೆ ಆಫ್ ಮಾಡಿ ಪ್ಲಗ್ಗೇ ಕೀಳಿ. ತೀರ್ಥಹಳ್ಳಿ ಮಳೆ ನಮ್ಮದಕ್ಕಿಂತ ಏನೂ ಕಡಿಮೆ ಇಲ್ಲವಲ್ಲ. ಉಪ್ಪುಗಾಳಿ ಇಲ್ಲ, ಅಷ್ಟೇ.

ಮೈಸೂರು_ರಿಪೇರಿ_ಮೇಜು:

ನಮಸ್ಕಾರ ಮೇಡಂ. ನಾನು ಹಳೇ ಸೆಟ್‌ಗಳನ್ನು ರಿಪೇರಿ ಮಾಡುವವನು. ಹೊಟ್ಟೆಪಾಡಿಗೂ ಅದೇ, ಪ್ರೀತಿಗೂ ಅದೇ. ನಿಮ್ಮ ತಾಯಿ ಹೇಳುವುದು ಸರಿ. ಆಫ್ ಮಾಡಿ, ಗೋಡೆ ಸ್ವಿಚ್ಚಿನಲ್ಲೇ ಮಾಡಿ. ಆದರೆ ತಿಂಗಳುಗಟ್ಟಲೆ ಆಫ್ ಇಟ್ಟು ಮರೆಯಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಧಾರವಾಡದವರು ಕೊಲೋಸಸ್ ವಿಷಯ ಹೇಳಿದ್ದು ನಿಜ. ಅಮೆರಿಕದ ಎನಿಯಾಕ್‌ನಲ್ಲೂ ಹಾಗೇ ಆಯಿತು. ಸುಮಾರು 18,000 ವಾಲ್ವ್ ಇದ್ದ ಹಳೇ ಕಾಲದ ಕಂಪ್ಯೂಟರ್ ಅದು. ಬಿಸಿಯಾಗುವಾಗ, ತಣ್ಣಗಾಗುವಾಗಲೇ ಹೆಚ್ಚು ವಾಲ್ವ್ ಹೋಗುತ್ತಿದ್ದವು, ಹಾಗಾಗಿ ಆರಿಸದೆ ಬಿಟ್ಟರು. ಆದರೆ ಅಲ್ಲಿ ವಾಲ್ವ್‌ಗಳಿಂದ ತೆಗೆಯುತ್ತಿದ್ದ ಕೆಲಸ ಅವುಗಳ ಮಿತಿಗಿಂತ ಎಷ್ಟೋ ಕಡಿಮೆ. ಅದರ ಮುಖ್ಯ ಇಂಜಿನಿಯರ್ ಎಕರ್ಟ್ ಬೇಕೆಂದೇ ಹಾಗೆ ವಿನ್ಯಾಸ ಮಾಡಿದ್ದರು. ಸಾವಿರಾರು ವಾಲ್ವಿನಲ್ಲಿ ಒಂದು ಹೋದರೂ ಲೆಕ್ಕ ತಪ್ಪುವ ಯಂತ್ರ ಅದು.

ಮನೆಯ ರೇಡಿಯೊ ಕಥೆ ಬೇರೆ. ಸ್ಪೀಕರನ್ನು ಓಡಿಸುವ ಇಎಲ್84 ವಾಲ್ವನ್ನೇ ತಗೊಳ್ಳಿ. ಅದರ ಒಳಗಿನ ಲೋಹದ ಪ್ಲೇಟ್ ತಡೆಯಬಲ್ಲ ಶಾಖ 12 ವಾಟ್ ಅಂತ ತಯಾರಕರ ಪಟ್ಟಿಯಲ್ಲಿದೆ. ಅದೇ ಪಟ್ಟಿಯಲ್ಲಿ ಮಾಮೂಲಿ ಬಳಕೆ ಅಂತ ಕೊಟ್ಟಿರುವುದು 250 ವೋಲ್ಟ್, 48 ಮಿಲಿಆಂಪ್. ಗುಣಿಸಿ ನೋಡಿ, ಅದೂ 12 ವಾಟ್. ಅಂದರೆ ಹಾಡಿದರೂ ಹಾಡದಿದ್ದರೂ ಅದು ತನ್ನ ಮಿತಿಯ ತುದಿಯಲ್ಲೇ ಕೆಲಸ ಮಾಡುತ್ತಿರುತ್ತದೆ. ಇಂಥ ಔಟ್‌ಪುಟ್ ವಾಲ್ವ್‌ಗಳ ಆಯುಸ್ಸು ಕೆಲವು ಸಾವಿರ ಗಂಟೆ. ವರ್ಷಕ್ಕೆ ಗಂಟೆ ಎಷ್ಟು? 8,760. ದಿನಾ ಎರಡು ಗಂಟೆ ಕೇಳಿದರೆ 730. ಆನ್ ಮಾಡುವಾಗಿನ ಪೆಟ್ಟು ನಿಜ, ಆದರೆ ಈ ಲೆಕ್ಕದ ಮುಂದೆ ಅದು ಸಣ್ಣದು.

ವಾಲ್ವ್ ಹೋದರೆ ಬೇರೆ ಹಾಕೋಣ ಅನ್ನುವ ಕಾಲವೂ ಹೋಯಿತು. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆಗೂಡಿ ರೇಡಿಯೊ ವಾಲ್ವ್ ಮಾಡಲು ಶುರು ಮಾಡಿತ್ತು. ಒಳ್ಳೆಯ ವಾಲ್ವ್‌ಗಳು ಅವು, ಹೊರದೇಶದವರೂ ಹುಡುಕಿ ಕೊಳ್ಳುತ್ತಾರೆ. ಅಲ್ಲಿ ಆ ಕೆಲಸ ನಿಂತು ಎಷ್ಟೋ ಕಾಲವಾಯಿತು. ಇಎಲ್84, ಇಸಿಸಿ83 ಈಗಲೂ ರಷ್ಯಾ, ಸ್ಲೊವಾಕಿಯಾ, ಚೀನಾದಲ್ಲಿ ತಯಾರಾಗುತ್ತವೆ. ಮಿಕ್ಕ ರೇಡಿಯೊ ವಾಲ್ವ್‌ಗಳಿಗೆ ಎಸ್‌ಪಿ ರೋಡಿನ ಹಳೇ ಅಂಗಡಿಗಳ ಕಪಾಟು, ಯಾರದೋ ಮನೆಯ ಅಟ್ಟ, ಇವೇ ಗತಿ.

ಈಗ ಕಂಡೆನ್ಸರ್, ಅಂದರೆ ಕರೆಂಟನ್ನು ಕೂಡಿಟ್ಟು ಬಿಡುವ ಬಿಡಿಭಾಗ. ವಾಲ್ವ್ ಸೆಟ್ ಇರಲಿ, ಟ್ರಾನ್ಸಿಸ್ಟರ್ ಸೆಟ್ ಇರಲಿ, ಹಳೇ ಸೆಟ್‌ನಲ್ಲಿ ಮೊದಲು ಮುಪ್ಪಾಗುವುದು ಇವೇ. ಎಲೆಕ್ಟ್ರೊಲಿಟಿಕ್ ಅನ್ನುವ ಬಗೆಯದರ ಒಳಗೆ ದ್ರವ ಇರುತ್ತದೆ, ಬಿಸಿಗೆ ನಿಧಾನಕ್ಕೆ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರು ಬಳಸುವ ಲೆಕ್ಕ. ಸದಾ ಆನ್ ಇಟ್ಟರೆ ಸದಾ ಬಿಸಿ. ಹಾಗಂತ ವರ್ಷಗಟ್ಟಲೆ ಆಫ್ ಇಟ್ಟರೂ ಕೆಡುತ್ತವೆ. ಒಳಗಿನ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳು ಆಕ್ಸೈಡ್ ಪದರ ಇರುತ್ತದೆ, ಕರೆಂಟ್ ಕಾಣದೆ ಬಹುಕಾಲ ಕೂತರೆ ಆ ಪದರ ಸವೆಯುತ್ತದೆ. ಆಮೇಲೆ ಒಮ್ಮೆಗೇ 230 ವೋಲ್ಟ್ ಕೊಟ್ಟರೆ ಬಿಸಿಯಾಗಿ ಒಡೆಯಬಹುದು. ಅದಕ್ಕೇ ಅಟ್ಟದಿಂದ ಇಳಿಸಿದ ಸೆಟ್ಟನ್ನು ನಾವು ನೇರ ಪ್ಲಗ್‌ಗೆ ಹಾಕುವುದಿಲ್ಲ. ಸೀರೀಸ್ ಬೋರ್ಡಿನಲ್ಲಿ ತಂತಿ ಉರಿಯುವ ಹಳೇ ಕಾಲದ 60 ವಾಟ್ ಬಲ್ಬ್ ಹಾಕಿ, ಅದರ ಮೂಲಕ ಕರೆಂಟ್ ಕೊಡುತ್ತೇವೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಎಲ್‌ಇಡಿ ಬಲ್ಬ್‌ನಲ್ಲಿ ಈ ಕೆಲಸ ಆಗುವುದಿಲ್ಲ. ನಿಮ್ಮ ಸೆಟ್‌ಗಳು ಈಗ ಓಡುತ್ತಿವೆಯಾದ್ದರಿಂದ ತಿಂಗಳಿಗೆ ಒಂದೆರಡು ಸಲ, ಮಳೆಗಾಲದಲ್ಲಿ ಕುಂದಾಪುರದವರು ಹೇಳಿದ ಹಾಗೆ ಇನ್ನೂ ಜಾಸ್ತಿ ಹಾಡಿಸಿದರೆ ಸಾಕು.

ನಿಮ್ಮ ಊರಿನ ದೊಡ್ಡ ಶತ್ರು ಮಾತ್ರ ಕರೆಂಟ್ ಹೋಗಿ ಬರುವುದು. ನೀವು ಸ್ವಿಚ್ ಹಾಕುವುದು ದಿನಕ್ಕೆ ಒಂದು ಸಲ. ಲೈನ್‌ಮನ್ ಫ್ಯೂಸ್ ಹಾಕುವಾಗ ಐದು ನಿಮಿಷದಲ್ಲಿ ನಾಲ್ಕು ಸಲ ಬಂದು ಹೋಗಬಹುದು. ಬಂದ ಮೊದಲ ಕ್ಷಣ ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಸದಾ ಆನ್ ಇಡುವವರ ವಾದ ನಮ್ಮ ಹಳ್ಳಿ ಲೈನಿಗೆ ಹೊಂದದಿರುವುದು ಇಲ್ಲೇ. ಆರಿಸಬಾರದು ಅಂತ ನೀವು ಬಿಟ್ಟರೂ ಲೈನೇ ಆರಿಸಿ ಹಚ್ಚುತ್ತಿರುತ್ತದೆ, ಅದೂ ಒರಟಾಗಿ. ಕೇಳುತ್ತಿರುವಾಗ ಕರೆಂಟ್ ಹೋದರೆ ಮೊದಲು ಎದ್ದು ಗೋಡೆ ಸ್ವಿಚ್ ಆರಿಸಿ. ಬಂದ ಮೇಲೆ ಹತ್ತು ನಿಮಿಷ ಲೈಟ್ ನೋಡಿ, ಸ್ಥಿರವಾಗಿದ್ದರೆ ಹಾಕಿ. ಮೂರಕ್ಕೂ ಸೇರಿ ಒಂದು ಒಳ್ಳೆಯ ಸ್ಟೆಬಿಲೈಜರ್ ಇರಲಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಲೈನಿಗೆ ಇವನ್ನು ಹಾಕಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತುಬಿಡಿ, ಏರಿಯಲ್ ವೈರೂ ಕೀಳಿ. ಸಿಡಿಲಿಗೆ ಸ್ವಿಚ್ಚಿನ ಒಳಗಿನ ಆ ಸಣ್ಣ ಸಂದು ಏನೂ ಅಲ್ಲ.

ಊಟಕ್ಕೆ ಅಂತ ಅರ್ಧ ಗಂಟೆ ಎದ್ದರೆ ಆರಿಸುವುದು ಬೇಡ, ಮನೆಯಲ್ಲಿ ಯಾರಾದರೂ ಇದ್ದರೆ. ಮನೆ ಬಿಟ್ಟು ಹೊರಡುವಾಗ, ಮಲಗುವಾಗ ಮಾತ್ರ ಖಂಡಿತ ಆರಿಸಿ. ಒಣಗಿದ ಮರದ ಪೆಟ್ಟಿಗೆ, ಒಳಗೆ ಮೇಣದ ಕಾಗದ, ಹಿಂದೆ ರಟ್ಟಿನ ಹಲಗೆ. ಹೊತ್ತಿಕೊಂಡರೆ ನೋಡುವವರು ಬೇಕಲ್ಲ.

ಗೋಡೆ ಸ್ವಿಚ್ಚೇ ಯಾಕೆ? ಕೆಲವು ಹಳೇ ಸೆಟ್‌ಗಳಲ್ಲಿ ಕರೆಂಟ್ ಒಳಗೆ ಬರುವ ಜಾಗದಲ್ಲೇ, ಸೆಟ್ಟಿನ ಸ್ವಿಚ್ಚಿಗಿಂತ ಮೊದಲೇ, ಒಂದು ಕಾಗದದ ಕಂಡೆನ್ಸರ್ ಇರುತ್ತದೆ. ಸೆಟ್ ಆಫ್ ಮಾಡಿದರೂ ಅದರ ಮೇಲೆ 230 ವೋಲ್ಟ್ ಇದ್ದೇ ಇರುತ್ತದೆ. ವಯಸ್ಸಾಗಿ ಬಿರುಕುಬಿಟ್ಟು ತೇವ ಹೀರಿದರೆ ಒಂದು ದಿನ ಕೆಟ್ಟ ವಾಸನೆಯ ಹೊಗೆ ತುಂಬಿಸಿಬಿಡುತ್ತದೆ.

ಸೋನೋಡೈನ್‌ಗೆ ಒಂದು ಕ್ರಮ ಇಟ್ಟುಕೊಳ್ಳಿ. ಹಾಕುವಾಗ ಮೊದಲು ಡೆಕ್, ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್. ಎರಡು ಸಲವೂ ವಾಲ್ಯೂಮ್ ಸೊನ್ನೆಗೆ. ಇಲ್ಲದಿದ್ದರೆ ಡೆಕ್ಕಿನ ಸ್ವಿಚ್ ಹಾಕಿದ ಸದ್ದು ಧಡ್ ಅಂತ ಸ್ಪೀಕರಿಗೆ ಹೊಡೆಯುತ್ತದೆ.

ಫೋನ್ ವಿಷಯಕ್ಕೆ ಈಗಲೇ ಹ್ಞೂಂ ಅನ್ನಲಾರೆ. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ಹಿಂದಿನ ಹಲಗೆಯ ಒಳಬದಿ ನೋಡಿ. ವಾಲ್ವ್ ನಂಬರ್ ಬರೆದ ಚೀಟಿ ಅಂಟಿಸಿರಬಹುದು. ಇಲ್ಲದಿದ್ದರೆ ಗಾಜಿನ ಮೇಲೇ ಅಚ್ಚಾಗಿರುತ್ತದೆ. ಟಾರ್ಚ್ ಬಿಟ್ಟು ಓದಿ, ಒಳಗೆ ಕೈ ಹಾಕಬೇಡಿ. ನಂಬರ್ ಇಲ್ಲಿ ಹಾಕಿ.

ತೀರ್ಥಹಳ್ಳಿ_ಮನೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್ ಸರ್. ಅಮ್ಮನಿಗೆ ಓದಿ ಹೇಳಿದೆ, ಖುಷಿಪಟ್ಟರು.

ಚೀಟಿ ಸಿಕ್ಕಿತು, ಮಾಸಿದೆ ಆದರೆ ಓದಬಹುದು. ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85. ಒಟ್ಟು ನಾಲ್ಕೇ. ಎರಡು ಪಿನ್ನಿನ ಪ್ಲಗ್. ದೊಡ್ಡ ಟ್ರಾನ್ಸ್‌ಫಾರ್ಮರ್ ಥರದ್ದು ಏನೂ ಕಾಣಲಿಲ್ಲ. ಒಂದು ಕಡೆ ಪಿಂಗಾಣಿ ಕೊಳವೆಯ ಮೇಲೆ ತಂತಿ ಸುತ್ತಿದ್ದು ಇದೆ.

ಡೆಕ್ ಬಗ್ಗೆಯೂ ಕೇಳಬೇಕಿತ್ತು. ಕ್ಯಾಸೆಟ್ ಓಡುತ್ತಿರುವಾಗ ಕರೆಂಟ್ ಹೋದರೆ ಪ್ಲೇ ಗುಂಡಿ ಒತ್ತಿದಂತೆಯೇ ಉಳಿಯುತ್ತದೆ. ಹಾಗೇ ಬಿಟ್ಟರೆ ತೊಂದರೆಯಾ?

ಮೈಸೂರು_ರಿಪೇರಿ_ಮೇಜು:

ಮೇಡಂ, ದಯವಿಟ್ಟು ಆ ರೇಡಿಯೊಗೆ ಫೋನ್ ಸೇರಿಸಬೇಡಿ. ಮೊದಲು ಅದು.

ನಂಬರ್ ಯು ಅಕ್ಷರದಿಂದ ಶುರುವಾದರೆ ಅದು ಎಸಿ-ಡಿಸಿ ಸೆಟ್. ಕೆಲವು ಊರಿನಲ್ಲಿ ಡಿಸಿ ಕರೆಂಟ್ ಇದ್ದ ಕಾಲದಲ್ಲಿ ಎರಡಕ್ಕೂ ಓಡಲಿ ಅಂತ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮಾಡುತ್ತಿದ್ದರು. ಕಡಿಮೆ ಬೆಲೆಗೂ ಬರುತ್ತಿತ್ತು. ನಾಲ್ಕೂ ವಾಲ್ವಿನ ಹೀಟರ್‌ಗಳು, ಅಂದರೆ ಒಳಗೆ ಕಾಯುವ ತಂತಿಗಳು, ಒಂದರ ಹಿಂದೆ ಒಂದು, ಹಬ್ಬದ ಸೀರಿಯಲ್ ಸೆಟ್ ದೀಪದ ಹಾಗೆ. ಲೆಕ್ಕ ಇಷ್ಟು: 19, 19, 50, 38 ವೋಲ್ಟ್. ಒಟ್ಟು 126. ಕರೆಂಟ್ 100 ಮಿಲಿಆಂಪ್. ನಮ್ಮ ಲೈನ್ 230. ಉಳಿದ 104 ವೋಲ್ಟನ್ನು ನೀವು ನೋಡಿದ ಆ ಪಿಂಗಾಣಿ ಕೊಳವೆ ನುಂಗಿಕೊಳ್ಳುತ್ತದೆ. ಅಂದರೆ ಆನ್ ಇರುವಷ್ಟು ಹೊತ್ತೂ 10 ವಾಟ್ ಶಾಖ ಮರದ ಪೆಟ್ಟಿಗೆಯೊಳಗೆ ಸುಮ್ನೆ ಹೋಗುತ್ತಿರುತ್ತದೆ. ಸದಾ ಆನ್ ಇಡಲೇಬಾರದ ಸೆಟ್ ಅಂದರೆ ಇದೇ.

ಅಪಾಯ ಏನು ಅಂದರೆ, ಇಂಥ ಸೆಟ್ಟಿನ ಒಳಗಿನ ಚಾಸಿಗೆ, ಅಂದರೆ ಎಲ್ಲವನ್ನೂ ಕೂರಿಸಿರುವ ಲೋಹದ ಚೌಕಟ್ಟಿಗೆ, ಕರೆಂಟಿನ ಒಂದು ತಂತಿ ನೇರ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಚಾಸಿ ಪೂರ್ತಿ ಲೈವ್. ಗುಂಡಿ ತಿರುಗಿಸಿ ಆಫ್ ಮಾಡಿದರೂ ನಂಬಬೇಡಿ. ಒಳಗಿನ ಸ್ವಿಚ್ ಒಂದೇ ತಂತಿಯನ್ನು ಕತ್ತರಿಸುವಂಥದ್ದಾದರೆ ಹೀಟರ್‌ಗಳ ಮೂಲಕವೇ ಚಾಸಿಗೆ ಕರೆಂಟ್ ಬರುತ್ತದೆ. ಹಿಂದಿನ ಸಾಕೆಟ್ಟಿಗೂ ಚಾಸಿಗೂ ನಡುವೆ ಒಂದು ಹಳೇ ಕಂಡೆನ್ಸರ್ ಮಾತ್ರ ಇರುತ್ತದೆ. ಅದು ಸೋರಿದರೆ ಫೋನಿಗೂ ಕರೆಂಟ್, ಫೋನ್ ಹಿಡಿದವರಿಗೂ ಕರೆಂಟ್. ಏರಿಯಲ್ ವೈರಿಗೂ ಇದೇ ಮಾತು, ಬರಿಗೈಯಲ್ಲಿ ಮುಟ್ಟಬೇಡಿ. ಗುಡುಗಿದಾಗ ಏರಿಯಲ್ ಕೀಳಿ ಅಂದಿದ್ದೆನಲ್ಲ, ಈ ಸೆಟ್‌ನಲ್ಲಿ ಮೊದಲು ಪ್ಲಗ್ ಕಿತ್ತು ಆಮೇಲೆ ಏರಿಯಲ್. ಗುಡುಗು ಶುರುವಾದ ಮೇಲೆ ಅಲ್ಲ, ಮೋಡ ಕಟ್ಟುವಾಗಲೇ.

ತಿರುಗಿಸುವ ಗುಂಡಿಗಳನ್ನೂ ನೋಡಿ. ಅವುಗಳ ಪಕ್ಕದ ಸಣ್ಣ ಸ್ಕ್ರೂ ಮೇಲೆ ಕಾರ್ಖಾನೆಯಲ್ಲಿ ಮೇಣ ತುಂಬಿರುತ್ತಿದ್ದರು, ಬೆರಳು ತಾಗದಿರಲಿ ಅಂತ. ಮೇಣ ಉದುರಿದ್ದರೆ ಮತ್ತೆ ತುಂಬಿಸಬೇಕು. ಗುಂಡಿಯೇ ಇಲ್ಲದ ಲೋಹದ ಕಡ್ಡಿ ಹೊರಗೆ ಕಂಡರೆ ಸೆಟ್ ಹಾಕಲೇಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಪ್ಲಗ್ ಕಿತ್ತೇ ಇಡಿ.

ಇದರಿಂದ ರೇಡಿಯೊ ಬಳಸಲೇಬಾರದು ಅಂತಲ್ಲ. 230ಕ್ಕೆ 230 ಕೊಟ್ಟು, ಸೆಟ್ಟಿಗೂ ಲೈನಿಗೂ ನೇರ ಸಂಪರ್ಕ ಇಲ್ಲದಂತೆ ಮಾಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, 100 ವಿಎ ಇದ್ದರೆ ಈ ಸೆಟ್ಟಿಗೆ ಧಾರಾಳ. ಅದನ್ನು ನಡುವೆ ಹಾಕಿಸಿ. ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕಾಗದದ ಕಂಡೆನ್ಸರ್‌ಗಳನ್ನೆಲ್ಲ ಬದಲಾಯಿಸಿಕೊಳ್ಳಿ. ಹೊಸ ಕಂಡೆನ್ಸರ್‌ಗೆ ಬೆಲೆ ಹೆಚ್ಚಿಲ್ಲ. ಸ್ಪೀಕರ್ ಓಡಿಸುವ ಯುಸಿಎಲ್82ಕ್ಕೆ ಹೋಗುವ ಒಂದು ಕಂಡೆನ್ಸರ್ ಸೋರಿದರೂ ಸಾಕು, ವಾಲ್ವಿನ ಪ್ಲೇಟ್ ಕೆಂಪಗೆ ಕಾದು ಹೋಗುತ್ತದೆ. ಆ ವಾಲ್ವ್ ಈಗ ಹೊಸದಾಗಿ ತಯಾರಾಗುವುದಿಲ್ಲ. ಇವೆರಡೂ ಆದ ಮೇಲೆ ಫೋನ್ ಸೇರಿಸುವ ಮಾತಾಡೋಣ. ಅಲ್ಲಿಯ ತನಕ ತಾಯಿಯವರ ದೇವರನಾಮ ಸೋನೋಡೈನ್‌ನಲ್ಲಿ ಕೇಳಿಸಿ. ಅದರ ಹಿಂದಿನ ಆಕ್ಸ್ ಸಾಕೆಟ್ಟಿಗೆ ಫೋನ್ ಸೇರಿಸಬಹುದು, ಒಳಗೆ ಟ್ರಾನ್ಸ್‌ಫಾರ್ಮರ್ ಇದೆ.

ಆಫ್ ಮಾಡಿದ ಕೂಡಲೇ ಮತ್ತೆ ಆನ್ ಮಾಡಬೇಡಿ, ಈ ರೇಡಿಯೊದಲ್ಲಂತೂ. ವಾಲ್ವ್ ಇನ್ನೂ ಬಿಸಿ ಇರುತ್ತದೆ, ಕಂಡೆನ್ಸರ್ ಖಾಲಿಯಾಗಿರುತ್ತದೆ. ಎಸಿಯನ್ನು ಡಿಸಿ ಮಾಡುವ ಯುವೈ85 ಮೇಲೆ ಒಮ್ಮೆಗೇ ಭಾರ ಬೀಳುತ್ತದೆ. ಎರಡು ಮೂರು ನಿಮಿಷ ತಡೆಯಿರಿ.

ಡೆಕ್ ಬಗ್ಗೆ ಒಳ್ಳೆಯ ಪ್ರಶ್ನೆ. ಪ್ಲೇ ಒತ್ತಿದಾಗ ಒಂದು ರಬ್ಬರ್ ಉರುಳೆ ಬಂದು ತೆಳುವಾದ ಉಕ್ಕಿನ ಕಡ್ಡಿಗೆ ಟೇಪನ್ನು ಒತ್ತಿ ಹಿಡಿಯುತ್ತದೆ. ತಿರುಗುತ್ತಿರುವಾಗ ಪರವಾಗಿಲ್ಲ. ಕರೆಂಟ್ ಹೋಗಿ ನಿಂತಲ್ಲೇ ಒತ್ತಿಕೊಂಡಿದ್ದರೆ ರಬ್ಬರಿನಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಆಲಾಪದ ಉದ್ದನೆಯ ಸ್ವರಗಳು ನಡುಗುತ್ತವೆ. ಕರೆಂಟ್ ಹೋದಾಗ ಗೋಡೆ ಸ್ವಿಚ್ ಆರಿಸಿ, ಜೊತೆಗೆ ಸ್ಟಾಪ್ ಒತ್ತಿ. ಒಂದು ರಾತ್ರಿ ಮರೆತರೆ ಗಾಬರಿ ಬೇಡ, ವಾರಗಟ್ಟಲೆ ಹಾಗೇ ಇರಬಾರದು ಅಷ್ಟೇ.

ಧಾರವಾಡ_ಕೇಳುಗ:

ಎಸಿ-ಡಿಸಿ ಸೆಟ್ ಬಗ್ಗೆ ನನಗೂ ಇಷ್ಟು ಗೊತ್ತಿರಲಿಲ್ಲ. ವಾಲ್ವ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದರೆ ನನ್ನದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಸವೆಯುವ ವಾಲ್ವ್ ಇಲ್ಲ. ಇಂಗ್ಲೆಂಡಿನ ನೇಮ್ ಕಂಪನಿಯವರೇ ತಮ್ಮ ಆಂಪ್ಲಿಫೈಯರ್ ಆನ್ ಬಿಡಿ ಅನ್ನುತ್ತಿದ್ದರಲ್ಲ?

ಮೈಸೂರು_ರಿಪೇರಿ_ಮೇಜು:

ಹೌದು ಸರ್, ಅನ್ನುತ್ತಿದ್ದರು. ಹೊಸ ಸೆಟ್, ಹೊಸ ಕಂಡೆನ್ಸರ್, ಸ್ಥಿರವಾದ ಕರೆಂಟ್ ಇದ್ದರೆ ಆ ಮಾತನ್ನು ತಳ್ಳಿಹಾಕಲಾರೆ. ಬಿಸಿಯಾದ ಮೇಲೆ ದನಿ ಕೂಡಿಕೊಳ್ಳುತ್ತದೆ ಅನ್ನುವುದೂ ನನ್ನ ಕಿವಿಗೆ ನಿಜ. ಆದರೆ ಅದಕ್ಕೆ ಅರ್ಧ ಗಂಟೆ ಮುಂಚೆ ಹಾಕಿದರೆ ಸಾಕಲ್ವಾ? ಸ್ನಾನಕ್ಕೆ ಹೋಗುವಾಗ ಹಾಕಿ ಹೋಗಿ, ಬಂದು ಮನ್ಸೂರರನ್ನು ಕೇಳಿ.

ಸುಮ್ಮನಿರುವಾಗ ನಿಮ್ಮದು 40 ವಾಟ್ ತಿನ್ನುತ್ತದೆ ಅಂತ ಇಟ್ಟುಕೊಂಡರೂ ತಿಂಗಳಿಗೆ ಸುಮಾರು 29 ಯೂನಿಟ್. ಸುಮ್ಮನಿದ್ದರೂ ಜೋರಾಗಿ ಕರೆಂಟ್ ಎಳೆಯುವ ಕ್ಲಾಸ್ ಎ ಬಗೆಯ ಸೆಟ್ ಆದರೆ ಇನ್ನೂ ಎಷ್ಟೋ ಜಾಸ್ತಿ. ಗೃಹಜ್ಯೋತಿಯ 200 ಯೂನಿಟ್ ಒಳಗೆ ಇರಬೇಕು ಅನ್ನುವ ಮನೆಗೆ ಇದು ದೊಡ್ಡ ಪಾಲು.

ನಿಮ್ಮದು ಯಾವ ವರ್ಷದ ಸೆಟ್, ಕಂಡೆನ್ಸರ್ ಯಾವಾಗ ಬದಲಾಯಿಸಿದ್ದು ಅಂತ ಬರೆಯಿರಿ. ಮೂಲದವೇ ಇದ್ದರೆ ಮೊದಲು ಅದನ್ನು ಮಾಡಿಸಿ. ಮೇಡಂ, ನೀವು ಮೆಕ್ಯಾನಿಕ್ ಹತ್ತಿರ ಹೋಗುವಾಗ ಆ ಮಾಸಿದ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ರಿಪೇರಿಯಲ್ಲಿ ಹಲಗೆ ಕಳೆದುಹೋಗುವುದು ಬಹಳ.